ಹತ್ತುಮೀನಿನಲ್ಲಿ ದೊಡ್ಡದನ್ನು ಬೀಜಕ್ಕೆ ಬಿಡಿ

ನಿಮ್ಮ ಮನೆಯ ಅಟ್ಟದ ಮೇಲೆ ಬಿತ್ತನೆಗೆಂದು ಕಟ್ಟಿಟ್ಟ ಬತ್ತದ ಮುಡಿ ಇದೆ ಎಂದಿಟ್ಟುಕೊಳ್ಳಿ. ಮೇ ತಿಂಗಳ ಕೊನೆಯಲ್ಲಿ ನೆಂಟರು ಬಂದರು, ಮನೆಯಲ್ಲಿ ಅಕ್ಕಿ ಮುಗಿದಿದೆ. ಆ ಮುಡಿಯನ್ನು ಬಿಚ್ಚಿ ಅಕ್ಕಿ ಮಾಡಿಸುವಿರಾ? ಖಂಡಿತ ಇಲ್ಲ. ಪಕ್ಕದ ಮನೆಯಿಂದ ಕಡ ತಂದಾದರೂ ನೆಂಟರಿಗೆ ಬಡಿಸುತ್ತೀರಿ, ಬೀಜದ ಬತ್ತಕ್ಕೆ ಕೈ ಹಾಕುವುದಿಲ್ಲ.

ಆದರೆ ಇದೇ ಬೇಸಾಯಗಾರ ಮೃಗಶಿರಾ ಮಳೆ ಹಿಡಿದ ರಾತ್ರಿ ಬ್ಯಾಟರಿ, ಕತ್ತಿ ಹಿಡಿದು ಗದ್ದೆಗೆ ಇಳಿದಾಗ ಮೊದಲು ಕಡಿಯುವುದು ಯಾವುದನ್ನು? ಹೊಟ್ಟೆ ತುಂಬ ಮೊಟ್ಟೆ ಹೊತ್ತು ನೀರಿಗೆ ಎದುರಾಗಿ ಏರಿ ಬರುವ ದೊಡ್ಡ ಮೀನನ್ನು. ಅದು ಹಳ್ಳದ ಬೀಜದ ಮುಡಿ ಎಂಬುದು ಆ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ.

ಲೇಖಕನು ಬೇಸಾಯ ಶಾಸ್ತ್ರದವನು, ಆದರೆ ಮಲೆನಾಡಿನ ಗದ್ದೆ ಬತ್ತಕ್ಕೆ ಮಾತ್ರ ಸೇರಿದ್ದಲ್ಲ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ನಾನೂ ಗದ್ದೆಯ ಕಂಡಿಯಲ್ಲಿ ಒಂದು ದೊಡ್ಡ ಮುರುಗೋಡನ್ನು ಕಡಿದು ಹೆಮ್ಮೆಯಿಂದ ಮನೆಗೆ ತಂದಿದ್ದೆ. ಅಮ್ಮ ಅದನ್ನು ಸೀಳಿದಾಗ ಊಟದ ತಟ್ಟೆಯ ತುಂಬ ಮೊಟ್ಟೆ ಬಂತು. ಅದನ್ನು ಹುರಿದು ತಿಂದೆವು. ನಾವು ತಿಂದದ್ದು ಮುಂದಿನ ವರ್ಷಗಳ ಮೀನನ್ನು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಮೀನು ಏಕೆ ಹತ್ತುತ್ತದೆ?

ಆನಂದಪುರದ ಸುತ್ತಿನ ಹಳ್ಳಗಳ ನೀರು ನಂದಿಹೊಳೆಯನ್ನು, ಹೊಸನಗರದ ಕಡೆಯ ನೀರು ಹರಿದ್ರಾವತಿಯನ್ನು ಕೂಡಿ ಶರಾವತಿಗೆ ಸೇರುತ್ತದೆ. ತೀರ್ಥಹಳ್ಳಿಯ ಬಹುಭಾಗದ ನೀರು ತುಂಗೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಈ ಹಳ್ಳಗಳು ಬತ್ತಿ ಅಲ್ಲಲ್ಲಿ ಗುಂಡಿಗಳಷ್ಟೇ ಉಳಿಯುತ್ತವೆ. ಹೊಳೆಯ ಮಡುಗಳಲ್ಲಿ, ಕೆರೆಗಳಲ್ಲಿ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮೀನುಗಳು ಮಳೆಗಾಗಿ ಕಾಯುತ್ತವೆ.

ಮೊದಲ ದೊಡ್ಡ ಮಳೆಗೆ ಮಣ್ಣುಬಣ್ಣದ ತಣ್ಣೀರು ಮೇಲಿನಿಂದ ರಭಸವಾಗಿ ಇಳಿದು ಬಂದಾಗ, ಬಲಿತ ಮೀನುಗಳು ಆ ನೀರಿಗೆ ಎದುರಾಗಿ ಹಳ್ಳ, ಕಾಲುವೆ, ಕಂಡಿಗಳ ಮೂಲಕ ಗದ್ದೆಗಳಿಗೆ ಏರುತ್ತವೆ. ಹೊಸ ನೀರು ನಿಂತ ಗದ್ದೆಯಲ್ಲಿ ಮರಿಗೆ ಬೇಕಾದ ಸೂಕ್ಷ್ಮ ಜೀವಿಗಳು ಹೇರಳವಾಗಿರುತ್ತವೆ, ದೊಡ್ಡ ಮೀನುಗಳ ಕಾಟ ಕಡಿಮೆ. ಆದ್ದರಿಂದ ಗದ್ದೆಯೇ ಅವುಗಳ ಬಾಣಂತಿ ಕೋಣೆ. ಹೀಗೆ ಹತ್ತಿ ಬರುವುದರಿಂದಲೇ ಇದಕ್ಕೆ ಹತ್ತುಮೀನು ಎಂದು ಹೆಸರು.

ಈ ಮಳೆಯ ಹರಿವು ಎಷ್ಟು ಮುಖ್ಯ ಎಂಬುದಕ್ಕೆ ಒಂದು ನಿದರ್ಶನ ಸಾಕು. ನಮ್ಮ ದೇಶದ ದೊಡ್ಡ ಗೆಂಡೆ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆದರೂ ಅಲ್ಲಿ ಮೊಟ್ಟೆ ಇಡುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವು ಮೊಟ್ಟೆ ಇಡುವಂತೆ ಮಾಡಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಅಂದರೆ ವಿಜ್ಞಾನಿಗಳು ಸೂಜಿಯಿಂದ ಮಾಡಬೇಕಾದ ಕೆಲಸವನ್ನು ಮೃಗಶಿರಾ, ಆರಿದ್ರಾ ಮಳೆಗಳು ನಮ್ಮ ಹಳ್ಳಗಳಲ್ಲಿ ಪುಕ್ಕಟೆಯಾಗಿ ಮಾಡುತ್ತವೆ. ನಾವು ಮಾಡಬೇಕಾದದ್ದು ಅಡ್ಡ ನಿಲ್ಲದಿರುವುದು ಮಾತ್ರ.

ದೊಡ್ಡ ಮೀನಿಗೇ ಏಕೆ ಈ ರಿಯಾಯಿತಿ?

ಇದು ಕೇವಲ ಲೆಕ್ಕದ ಮಾತು. ಒಂದೇ ಜಾತಿಯ ಎರಡು ಮೀನುಗಳಲ್ಲಿ ಒಂದು ಇನ್ನೊಂದಕ್ಕಿಂತ ಎರಡರಷ್ಟು ಉದ್ದವಿದ್ದರೆ ಅದರ ತೂಕ ಎರಡರಷ್ಟಲ್ಲ, ಸುಮಾರು ಎಂಟರಷ್ಟು ಇರುತ್ತದೆ. ಉದ್ದದ ಜೊತೆಗೆ ಅಗಲವೂ ದಪ್ಪವೂ ಹೆಚ್ಚುವುದೇ ಇದಕ್ಕೆ ಕಾರಣ. ಮೊಟ್ಟೆಯ ಸಂಖ್ಯೆ ತೂಕವನ್ನು ಅನುಸರಿಸುತ್ತದೆ. ಸಾಕಣೆಯ ಗೆಂಡೆ ಜಾತಿಗಳಲ್ಲಿ ತಾಯಿ ಮೀನಿನ ಒಂದು ಕಿಲೋ ತೂಕಕ್ಕೆ ಸುಮಾರು ಒಂದರಿಂದ ಎರಡು ಲಕ್ಷ ಮೊಟ್ಟೆ ಎಂದು ಲೆಕ್ಕ ಹಿಡಿಯುವುದುಂಟು. ಹೀಗಾಗಿ ಒಂದು ದೊಡ್ಡ ತಾಯಿಯನ್ನು ಕಡಿದರೆ ಅದರ ಅರ್ಧ ಉದ್ದದ ಎಂಟು ತಾಯಂದಿರನ್ನು ಕಡಿದಷ್ಟೇ ನಷ್ಟ. 342 ಜಾತಿಯ ಕಡಲ ಮೀನುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಹುಪಾಲು ಜಾತಿಗಳಲ್ಲಿ ದೊಡ್ಡ ತಾಯಿಯ ಸಂತಾನಶಕ್ತಿ ತೂಕದ ಪ್ರಮಾಣಕ್ಕಿಂತಲೂ ಹೆಚ್ಚು ಎಂದು ತೋರಿಸಿತು.

ಬೇರೆ ದೇಶಗಳಲ್ಲಿ ಇದನ್ನು ಕಾನೂನಾಗಿಯೇ ಮಾಡಿದ್ದಾರೆ. ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಹೊಳೆ ಕಡಲನ್ನು ಸೇರುವ ಅಳಿವೆಗಳಲ್ಲಿ, ಮರಳಿನಲ್ಲಿ ಮೈ ಹುದುಗಿಸಿ ಬೇಟೆಗೆ ಹೊಂಚುವ ಒಂದು ಚಪ್ಪಟೆ ತಲೆಯ ಮೀನಿದೆ. ಅದರಲ್ಲಿ ಬಹಳ ದೊಡ್ಡದಾಗಿ ಬೆಳೆಯುವವು ಬಹುತೇಕ ಹೆಣ್ಣುಗಳೇ. ಆದ್ದರಿಂದ ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 40 ಸೆಂ.ಮೀ.ಗಿಂತ ಸಣ್ಣದನ್ನೂ 75 ಸೆಂ.ಮೀ.ಗಿಂತ ದೊಡ್ಡದನ್ನೂ ಮರಳಿ ನೀರಿಗೆ ಬಿಡಬೇಕು, ನಡುವಿನ ಗಾತ್ರದ್ದನ್ನು ಮಾತ್ರ ಮನೆಗೆ ಒಯ್ಯಬಹುದು. ಸಣ್ಣದು ಇನ್ನೂ ಒಮ್ಮೆಯೂ ಮರಿ ಮಾಡಿಲ್ಲ, ದೊಡ್ಡದು ಎಲ್ಲಕ್ಕಿಂತ ಹೆಚ್ಚು ಮರಿ ಮಾಡುತ್ತದೆ ಎಂಬುದೇ ಇದರ ತಿರುಳು.

ನಮ್ಮ ಗದ್ದೆಗೆ ಬರುವ ಮೀನುಗಳಲ್ಲಿ ಇನ್ನೊಂದು ವಿಶೇಷವಿದೆ. ಮುರುಗೋಡು ಕೆಸರಿನಲ್ಲಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ, ಗಂಡು ಕಾವಲು ಕಾಯುತ್ತದೆ. ಇದರ ಮೊಟ್ಟೆಗಳು ಗೆಂಡೆಯಂತೆ ಲಕ್ಷಗಟ್ಟಲೆ ಇರುವುದಿಲ್ಲ, ಕೆಲವು ಸಾವಿರ ಮಾತ್ರ. ಕೊರವ ಮೀನಿನ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಕುದಿಯುವಂತೆ ಕಾಣುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ಕೆಳಗೆ ತಂದೆತಾಯಿ ಇದ್ದೇ ಇರುತ್ತವೆ. ಅಲ್ಲಿಗೆ ಗಾಳ ಬಿಟ್ಟು ದೊಡ್ಡದನ್ನು ಎತ್ತಿದರೆ ಆ ಹಿಂಡು ಇತರ ಮೀನು, ಹಕ್ಕಿಗಳ ಪಾಲಾಗುತ್ತದೆ. ಒಂದು ಸಾರಿನ ಆಸೆಗೆ ಇಡೀ ಸಂಸಾರ ಹೋದಂತೆ.

ಯಾವುದನ್ನು ಬಿಡಬೇಕು?

1. ಮೊದಲ ಎರಡು ದೊಡ್ಡ ಮಳೆಗಳಿಗೆ ಏರಿ ಬರುವ ಮೀನನ್ನು ಹಿಡಿಯದಿರುವುದು ಎಲ್ಲಕ್ಕಿಂತ ಉತ್ತಮ.

2. ಹಿಡಿಯಲೇಬೇಕೆಂದಿದ್ದರೆ ಕತ್ತಿಯನ್ನು ಮನೆಯಲ್ಲಿಡಿ. ಕಡಿದ ಮೀನನ್ನು ಬಿಡುವ ಮಾತೇ ಇಲ್ಲ. ಕೈಬಲೆ ಅಥವಾ ಬಿದಿರಿನ ಕೂಣಿಯಲ್ಲಿ ಸಿಕ್ಕಿದ್ದನ್ನು ಆರಿಸಿ ಬಿಡಬಹುದು.

3. ಕೊರವ, ಬಾಳೆ ಮೀನು, ಗೆಂಡೆಗಳಂಥ ದೊಡ್ಡ ಜಾತಿಗಳಲ್ಲಿ ಗೇಣಿಗಿಂತ ಸಣ್ಣದನ್ನೂ ಮೊಳಕ್ಕಿಂತ ದೊಡ್ಡದನ್ನೂ ಬಿಡಿ. ಇದು ಕಾನೂನಿನ ಅಳತೆಯಲ್ಲ, ರಾತ್ರಿ ಮಳೆಯಲ್ಲೂ ಕೈಯಿಂದಲೇ ಅಳೆಯಬಹುದಾದ ಊರಿನ ಅಳತೆ.

4. ಮುರುಗೋಡು ಹಾಗೂ ಸಣ್ಣ ಜಾತಿಗಳಲ್ಲಿ ಹೊಟ್ಟೆ ನೋಡಿ. ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆ ಎರಡೂ ಬದಿಗೆ ಉಬ್ಬಿ, ಮುಟ್ಟಿದರೆ ಮೆತ್ತಗಿರುತ್ತದೆ. ಅದನ್ನು ಗಾತ್ರ ನೋಡದೆ ಬಿಡಿ.

5. ಕೂಣಿ ಹಾಕುವವರು ಏರುಮುಖಕ್ಕೆ ಹಾಕದೆ, ಮೀನು ಮೊಟ್ಟೆ ಇಟ್ಟು ಇಳಿಯುವಾಗ ಹಾಕಿ. ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಇರಲಿ. ಹಳ್ಳದ ಪೂರ್ತಿ ಅಗಲಕ್ಕೆ ತಟ್ಟಿ ಕಟ್ಟಬೇಡಿ.

ಒಂದು ಎಚ್ಚರಿಕೆ: ಈ ರಿಯಾಯಿತಿ ಭಾರತದಲ್ಲಿ ಸಾಕಣೆ ನಿಷೇಧಿಸಲಾಗಿರುವ ಆಫ್ರಿಕದ ಕ್ಯಾಟ್‌ಫಿಶ್‌ಗೆ ಸಲ್ಲದು. ಕೊಳಗಳಿಂದ ತಪ್ಪಿಸಿಕೊಂಡು ಬಂದ ಇದು ನಾಡಮೀನುಗಳನ್ನು ನುಂಗಿ ಬೆಳೆಯುತ್ತದೆ. ಸಿಕ್ಕಿದರೆ ಮರಳಿ ನೀರಿಗೆ ಬಿಡಬೇಡಿ. ಗುರುತು ಹಿಡಿಯಲು ಸಂದೇಹವಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ತೋರಿಸಿ.

ಬದುಕುವಂತೆ ಬಿಡುವ ಕ್ರಮ

ನೀರಿಗೆ ಎಸೆದ ಮಾತ್ರಕ್ಕೆ ಬಿಟ್ಟಂತಾಗಲಿಲ್ಲ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಒಣ ಕೈ, ಒಣ ಗೋಣಿ, ಮಣ್ಣಿನ ನೆಲ ತಗುಲಿದರೆ ಲೋಳೆ ಕಿತ್ತು ಬರುತ್ತದೆ. ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡಕ್ಕೆ ಕೊಟ್ಟು ಅಡ್ಡಲಾಗಿ ಎತ್ತಿ. ಕಿವಿರಿನೊಳಗೆ ಬೆರಳು ಹಾಕಿ ನೇತಾಡಿಸಬಾರದು, ಹೊಟ್ಟೆಯನ್ನು ಹಿಚುಕಬಾರದು. ಮುರುಗೋಡು, ಚೇಳು ಮೀನುಗಳ ಪಕ್ಕದ ಮುಳ್ಳು ನಿಮ್ಮ ಕೈಗೆ ಚುಚ್ಚೀತು, ಅವನ್ನು ಒದ್ದೆ ಬಟ್ಟೆಯಲ್ಲಿ ಅಥವಾ ಬಲೆಯಲ್ಲೇ ಹಿಡಿದು ಬಿಡಿ.

ಹಿನ್ನೀರಿನಲ್ಲಿ ಗಾಳ ಹಾಕುವವರು ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡರೆ ಬಿಡಿಸುವುದು ಸುಲಭ. ಗಾಳ ಗಂಟಲಿನೊಳಗೆ ಇಳಿದಿದ್ದರೆ ಎಳೆಯಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ನೀರಿನ ಹೊರಗೆ ಇಡುವ ಕಾಲ ನೀವು ಉಸಿರು ಕಟ್ಟಿ ನಿಲ್ಲಬಹುದಾದಷ್ಟೇ ಇರಲಿ. ಬಿಡುವಾಗ ತಲೆ ಹರಿವಿಗೆ ಎದುರಾಗಿರುವಂತೆ ಹಿಡಿದುಕೊಳ್ಳಿ. ಬಾಲ ಬೀಸಿ ತಾನಾಗಿ ಕೈಯಿಂದ ಜಾರಿದಾಗ ಬಿಟ್ಟ ಕೆಲಸ ಮುಗಿಯಿತು.

ಗದ್ದೆ, ತೋಟದಲ್ಲಿ ಗಮನಿಸಬೇಕಾದದ್ದು

ತಾಯಿಯನ್ನು ಬಿಟ್ಟು ಮರಿಗೆ ವಿಷ ಹಾಕಿದರೆ ಪ್ರಯೋಜನವಿಲ್ಲ. ಸಸಿಮಡಿಗೆ ಕೀಟನಾಶಕ ಹಾಕಿದಾಗ ಕಂಡಿ ಕಟ್ಟಿ, ಕೆಲವು ದಿನ ನೀರನ್ನು ಹಳ್ಳಕ್ಕೆ ಬಿಡಬೇಡಿ. ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೆಯ ದಾಸ್ತಾನಿದ್ದರೂ ಬಳಸಕೂಡದು.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದೂ ಮೀನು ಹತ್ತುವುದೂ ಒಂದೇ ಕಾಲದಲ್ಲಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕಷ್ಟೆ. ಆ ತಾಮ್ರ ಶಿಲೀಂಧ್ರಕ್ಕೆ ವಿಷವಾದಂತೆ ಮೀನಿನ ಮರಿಗೂ ವಿಷ. ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯದೆ ತೋಟದಲ್ಲೇ ತೊಳೆದು, ನೀರನ್ನು ಮರದ ಬುಡದ ಮಣ್ಣಿಗೆ ಸುರಿಯಿರಿ. ಇನ್ನು ಹಳ್ಳಕ್ಕೆ ವಿಷ ಕದಡುವುದು, ತೋಟೆ ಸಿಡಿಸುವುದು 1897ರ ಮೀನುಗಾರಿಕೆ ಕಾಯಿದೆಯಲ್ಲೇ ಅಪರಾಧ ಎನಿಸಿತ್ತು ಎಂಬುದು ನೆನಪಿರಲಿ.

"ನಾನು ಬಿಟ್ಟರೆ ಪಕ್ಕದವನು ಹಿಡಿಯುತ್ತಾನೆ"

ಇದು ನಿಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ, ನ್ಯಾಯವಾದದ್ದೂ ಹೌದು. ಒಬ್ಬನ ಗದ್ದೆಯಿಂದ ಇದು ಆಗುವ ಕೆಲಸವಲ್ಲ. ಆದರೆ ಒಂದೇ ಹಳ್ಳದ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ತಿರುಗಿಸಿಕೊಳ್ಳುವುದು ಗೊತ್ತಿರುವ ನಮಗೆ ಇಂಥ ಕಟ್ಟುಪಾಡು ಹೊಸದಲ್ಲ. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲೂ ಶೃಂಗೇರಿಯಲ್ಲೂ ತುಂಗೆಯ ದೊಡ್ಡ ಮೀನುಗಳು ಜನರ ಕೈಯಳತೆಯಲ್ಲೇ ಈಜಾಡುತ್ತವೆ. ಜನ ಹಿಡಿಯಬಾರದೆಂದು ಒಪ್ಪಿಕೊಂಡಿರುವುದೇ ಅಲ್ಲಿ ಅವುಗಳಿಗೆ ದೊಡ್ಡ ರಕ್ಷೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಅಷ್ಟು ದೊಡ್ಡ ಕಡಲಿಗೇ ಬಿಡುವು ಬೇಕಾದರೆ ನಮ್ಮ ಪುಟ್ಟ ಹಳ್ಳಕ್ಕೆ ಹದಿನೈದು ದಿನದ ಬಿಡುವು ಬೇಡವೇ?

"ಹೋದರೆ ಹೋಗಲಿ, ಇಲಾಖೆಯಿಂದ ಮರಿ ತಂದು ಬಿಟ್ಟರಾಯಿತು" ಎನ್ನುವವರೂ ಇದ್ದಾರೆ. ಇವರು ಕಾವೇರಿಯ ಕಥೆಯನ್ನು ತಿಳಿಯಬೇಕು. ಅಲ್ಲಿ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದ ಹವ್ಯಾಸಿಗಳು ಮಹಶೀರ್ ಮೀನನ್ನು ಹಿಡಿದು, ತೂಗಿ, ಬರೆದಿಟ್ಟು ಮರಳಿ ಬಿಡುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆ ನೋಡಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿದಿದ್ದು ಕಂಡುಬಂತು. 2018ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇದರಿಂದ ಎರಡು ಪಾಠಗಳಿವೆ. ತಂದು ಬಿಟ್ಟ ಮರಿ ಊರಿನ ತಳಿಗೆ ಬದಲಿಯಲ್ಲ. ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಈ ನಷ್ಟ ಯಾರಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಈ ವರ್ಷ ಮಳೆಗೆ ಮುಂಚೆ ಒಂದು ಹಳ್ಳದ ಇಕ್ಕೆಲದ ರೈತರು ಒಂದು ಸಂಜೆ ಸೇರಿ ಮೂರು ಮಾತು ತೀರ್ಮಾನಿಸಿ: ಎಷ್ಟು ದಿನ ಹಿಡಿಯಬಾರದು, ಯಾವ ಅಳತೆಯದನ್ನು ಬಿಡಬೇಕು, ಯಾವ ಗುಂಡಿಗೆ ಬೇಸಿಗೆಯಲ್ಲೂ ಬಲೆ ಹಾಕಬಾರದು. ಮನೆಯ ಶಾಲಾ ಮಕ್ಕಳಿಗೆ ಒಂದು ನೋಟುಪುಸ್ತಕ ಕೊಟ್ಟು ಯಾವ ದಿನ ಯಾವ ಮೀನು ಎಷ್ಟು ಬಂತು, ಎಷ್ಟು ಬಿಟ್ಟೆವು ಎಂದು ಬರೆಯಿಸಿ. ಎರಡು ಮೂರು ಮಳೆಗಾಲ ಕಳೆದ ಮೇಲೆ ಆ ಪುಸ್ತಕವೇ ನಿಮಗೆ ಉತ್ತರ ಹೇಳುತ್ತದೆ.

ಮೀನು ತಿನ್ನಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. ಕಣಜದ ಬತ್ತವನ್ನು ಉಣ್ಣಿ. ಬೀಜದ ಮುಡಿಯನ್ನು ಮಾತ್ರ ಕಟ್ಟಿದಂತೆಯೇ ಇರಗೊಡಿ.