ಬೆತ್ತ: ಬೆಳೆಸುವ ಮತ್ತು ಕೊಯ್ಯುವ ಕ್ರಮ

ಬೆಂಗಳೂರಿನ ಶಿವಾಜಿನಗರಕ್ಕೆ ಬಂದಾಗ ದಂಡು ಪ್ರದೇಶದ ಬ್ಯಾಂಬೂ ಬಜಾರ್ ಕಡೆಗೂ ಒಮ್ಮೆ ಹೋಗಿ ನೋಡಿ. ಬಿದಿರು ಮತ್ತು ಬೆತ್ತ ಎರಡನ್ನೂ ಒಂದೇ ಜಾತಿಯೆಂದು ತಿಳಿದವರು ಹಲವರು. ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು, ಅದರ ಒಳಗೆ ಟೊಳ್ಳು. ಬೆತ್ತವಾದರೋ ತೆಂಗು, ಅಡಿಕೆಗಳ ಬಂಧು, ಒಳಗೆಲ್ಲ ಗಟ್ಟಿ. ಆದ್ದರಿಂದಲೇ ಕಾಯಿಸಿ ಬಗ್ಗಿಸಿದರೆ ಮುರಿಯದೆ ಕುರ್ಚಿಯ ತೋಳಾಗುತ್ತದೆ.

ಗಿಡದ ಪರಿಚಯ

ಬೆತ್ತ ಮುಳ್ಳಿನ ಬಳ್ಳಿ. ಕೊಕ್ಕೆಯಂಥ ಮುಳ್ಳುಗಳಿಂದ ಮರಗಳನ್ನು ಹಿಡಿದು ಮೇಲೇರುತ್ತದೆ. ಗಂಡು, ಹೆಣ್ಣು ಗಿಡಗಳು ಬೇರೆಬೇರೆ. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ ಹಂದಿಬೆತ್ತ, ನಾಗಬೆತ್ತ ಮೊದಲಾದವು ಸಿಗುತ್ತವೆ. ಸುಮಾರು 18 ಮಿ.ಮೀ.ಗಿಂತ ದಪ್ಪನೆಯ ಬೆತ್ತ ಪೀಠೋಪಕರಣದ ಚೌಕಟ್ಟಿಗೆ ಬರುತ್ತದೆ. ತೆಳುವಾದದ್ದು ಬುಟ್ಟಿಗೆ, ಕುರ್ಚಿಯ ಹೆಣಿಗೆಗೆ. ಮೇಲಿನ ಸಿಪ್ಪೆಯನ್ನು ಸೀಳಿ ಕಟ್ಟು ಹಾಕಲು ಬಳಸುತ್ತಾರೆ.

ಎಲ್ಲಿ ಬೆಳೆಯಬಹುದು?

ಕೃಷ್ಣರಾಜಪುರ, ಹೊಸಕೋಟೆ, ಕೋಲಾರದ ಕಡೆಯ ಮಳೆಯಾಶ್ರಿತ ಕೆಂಪು ಭೂಮಿ ಬೆತ್ತಕ್ಕೆ ತಕ್ಕದ್ದಲ್ಲ. ಅಲ್ಲಿನ ರೈತರು ಬಿದಿರನ್ನು ಯೋಚಿಸುವುದು ಲೇಸು. ಮಲೆನಾಡು, ಕೊಡಗಿನಲ್ಲಿ ಹಳ್ಳದ ದಂಡೆ, ಸೊಪ್ಪಿನ ಬೆಟ್ಟ, ಕಾಫಿ ತೋಟದ ಅಂಚುಗಳಲ್ಲಿ ಬೆಳೆಸಬಹುದು. ಆಳುಗಳು ಓಡಾಡುವ ದಾರಿಯಲ್ಲಿ ನೆಡಬೇಡಿ, ಮುಳ್ಳು ಬಾಧಿಸುತ್ತದೆ.

ಸಸಿ ಮಾಡುವುದು

ಚೆನ್ನಾಗಿ ಹಣ್ಣಾದ ಕಾಯಿಗಳನ್ನು ಆರಿಸಿ. ಹೊರಗಿನ ಹುರುಪೆ ಮತ್ತು ತಿರುಳನ್ನು ಮರಳಿನಲ್ಲಿ ಉಜ್ಜಿ ತೊಳೆಯಿರಿ. ತಿರುಳು ಉಳಿದರೆ ಮೊಳಕೆ ತಡವಾಗುತ್ತದೆ. ಬೀಜವನ್ನು ಬಿಸಿಲಿಗೆ ಒಣಗಿಸಬೇಡಿ, ಒಣಗಿದರೆ ಜೀವ ಹೋಗುತ್ತದೆ. ಹಸಿಯಾಗಿರುವಾಗಲೇ ನೆರಳಿನ ಮಡಿಯಲ್ಲಿ ಬಿತ್ತಿ. ಮೊಳೆತ ಸಸಿಗಳನ್ನು ಪಾಲಿಥೀನ್ ಚೀಲಕ್ಕೆ ಬದಲಿಸಿ, ಒಂದರಿಂದ ಒಂದೂವರೆ ವರ್ಷ ಬೆಳೆಸಿ, ಮುಂಗಾರು ಹಿಡಿದ ಮೇಲೆ ಆಸರೆ ಮರಗಳ ಹತ್ತಿರ ನೆಡಿ. ಮೊದಲಿಗೆ ನೆರಳು ಬೇಕು; ಬಲಿತ ಮೇಲೆ ಬೆಳಕು ಬೇಕು. ಮೊದಲ ಕೆಲವು ವರ್ಷ ಗಿಡ ನೆಲದಲ್ಲೇ ಎಲೆ ಹರಡಿಕೊಂಡಿರುತ್ತದೆ. ಬೆಳೆಯಲಿಲ್ಲವೆಂದು ಕಿತ್ತೆಸೆಯಬೇಡಿ.

ಕೊಯ್ಲು

ಬೆತ್ತದ ಬೆಲೆ ನಿರ್ಧಾರವಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಕೊಯ್ಲಿಗೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕು. ಬುಡದ ಕಡೆಯ ಮುಳ್ಳಿನ ಎಲೆಪೊರೆಗಳು ಒಣಗಿ ಕಳಚಿದ್ದರೆ ಆ ಭಾಗ ಬಲಿತಿದೆಯೆಂದು ತಿಳಿಯಿರಿ. ಅವಸರಪಟ್ಟು ಎಳೆಯದನ್ನು ಕಡಿದರೆ ಒಣಗಿದಾಗ ಸುಕ್ಕುಗಟ್ಟುತ್ತದೆ, ಹುಳು ಬೀಳುತ್ತದೆ, ಕೊಳ್ಳುವವರಿಲ್ಲ. ಪೊದೆಯಾಗಿ ಬೆಳೆಯುವ ಜಾತಿಯಲ್ಲಿ ಬಲಿತ ಕಾಂಡಗಳನ್ನಷ್ಟೇ ತೆಗೆದು ಎಳೆಯವನ್ನು ಉಳಿಸಿ. ಹಾಗೆ ಮಾಡಿದರೆ ಅದೇ ಪೊದೆ ಮತ್ತೆ ಮತ್ತೆ ಇಳುವರಿ ಕೊಡುತ್ತದೆ. ತುದಿಯ ಮೆತ್ತನೆಯ ಭಾಗವನ್ನು ಕತ್ತರಿಸಿ ಬಿಡಿ.

ಹದಗೊಳಿಸುವುದು

ಕಡಿದ ಹಸಿ ಬೆತ್ತವನ್ನು ರಾಶಿ ಹಾಕಿದರೆ ಬೂಷ್ಟು ಹಿಡಿದು ನೀಲಿ ಕಲೆ ಬೀಳುತ್ತದೆ. ಈ ಕಲೆ ಮತ್ತೆ ಹೋಗದು. ಆದ್ದರಿಂದ ತಡಮಾಡದೆ ಪೊರೆ ಸುಲಿದು ಹದ ಮಾಡಿಸಬೇಕು. ದಪ್ಪ ಬೆತ್ತವನ್ನು ಡೀಸೆಲ್ ಇಲ್ಲವೆ ಸೀಮೆಎಣ್ಣೆ ಬೆರೆತ ಎಣ್ಣೆಯಲ್ಲಿ ಕುದಿಸಿ, ತೇವ ಮತ್ತು ಅಂಟನ್ನು ತೆಗೆದು, ಗೋಣಿಯಿಂದ ಉಜ್ಜಿ ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಾರೆ. ಇದು ಬೆಂಕಿಯ ಅಪಾಯವಿರುವ ಕೆಲಸ. ಅನುಭವವಿಲ್ಲದೆ ಮನೆಯಂಗಳದಲ್ಲಿ ಮಾಡಬಾರದು.

ಎಚ್ಚರಿಕೆ

ಕಾಡಿನ ಬೆತ್ತ ಅರಣ್ಯ ಉತ್ಪನ್ನ, ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸ್ವಂತ ಜಮೀನಿನಲ್ಲಿ ನೆಡುವಾಗಲೇ ವಲಯ ಅರಣ್ಯಾಧಿಕಾರಿಗಳಿಗೆ ತಿಳಿಸಿ, ಸಾಗಣೆಯ ನಿಯಮ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಕೊಯ್ಲಿನ ಹೊತ್ತಿಗೆ ತೊಡಕಾದೀತು.

ಕಾಡಿನ ಬೆತ್ತ ಕಡಿಮೆಯಾಗುತ್ತ ಬಂದಿದೆ. ಅದನ್ನೇ ನಂಬಿದ ಹೆಣಿಗೆಗಾರರ ಕಸುಬು ಉಳಿಯಬೇಕಾದರೆ ಬೆತ್ತ ನಮ್ಮ ಹೊಲದಂಚಿಗೆ ಬರಬೇಕು. ಈ ಮುಂಗಾರಿನಲ್ಲಿ ಹತ್ತು ಸಸಿ ನೆಟ್ಟು ನೋಡಿ. ಅದರ ಪೂರ್ಣ ಫಲ ನಿಮ್ಮ ಮಕ್ಕಳ ಕೈ ಸೇರುತ್ತದೆ.