ಕ್ಲೋನ್ ಮಾಡೋ ಮುಂಚೆ ಬ್ಯಾಕಪ್ ಡ್ರೈವ್‌ನ ನಾಡಿ ನೋಡಿ

ಹೋದ ರಜೆಯಲ್ಲಿ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸೋಣ ಅಂತ ಹೊರಟೆ. ಅದಕ್ಕೆ ಮುಂಚೆ ಹಳೇ ಡಿಸ್ಕ್‌ನ ಪೂರ್ತಿ ಇಮೇಜ್ ಒಂದನ್ನ ಎಕ್ಸ್‌ಟರ್ನಲ್ ಡ್ರೈವ್‌ಗೆ ತೆಗೆದಿಡಬೇಕಿತ್ತು. ಮನೆ ಬೀರುವಿನಲ್ಲಿ 1 ಟಿಬಿ ಡ್ರೈವ್ ಬಿದ್ದಿತ್ತು. ಅದರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್ ಇತ್ತು. ಅಜ್ಜಿ ಈಗಿಲ್ಲ, ಬೇರೆ ಕಾಪಿಯೂ ಇರಲಿಲ್ಲ.

ಡ್ರೈವ್ ಚುಚ್ಚಿದ ತಕ್ಷಣ ವಿಂಡೋಸ್, ‘ಇದರಲ್ಲಿ ಏನೋ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿ ಮಾಡ್ಲಾ?’ ಅಂತ ಕೇಳ್ತು. ನಾನು ಹೂಂ ಅಂದೆ. ರಿಪೇರಿ ಆದ್ಮೇಲೆ ನೋಡಿದ್ರೆ ಆ ಫೋಲ್ಡರೇ ಇಲ್ಲ! ಬದಲಿಗೆ ‘ಫೌಂಡ್.000’ ಅನ್ನೋ ಹಿಡನ್ ಫೋಲ್ಡರ್, ಅದರೊಳಗೆ ಹೆಸರಿಲ್ಲದ ಸಿಎಚ್‌ಕೆ ಫೈಲ್‌ಗಳು. ಎಕ್ಸ್‌ಟೆನ್ಷನ್ ಎಂಪಿ3 ಅಂತ ಬದಲಾಯಿಸಿದಾಗ ಹೆಚ್ಚಿನವು ಹಾಡಿದವು. ಎರಡು ಪದ ಮಾತ್ರ ಅರ್ಧಕ್ಕೇ ನಿಂತುಹೋದವು.

ಇಲ್ಲಿ ಅರ್ಥ ಮಾಡ್ಕೋಬೇಕಾದ್ದು ಏನಂದ್ರೆ, ಚೆಕ್‌ಡಿಸ್ಕ್ ಕಾಪಾಡೋದು ಫೈಲ್ ಸಿಸ್ಟಮ್‌ನ ಲೆಕ್ಕವನ್ನ, ನಿಮ್ಮ ಫೈಲನ್ನಲ್ಲ. ಲೆಕ್ಕ ತಾಳೆ ಆಗದ ತುಂಡುಗಳನ್ನ ಅದು ಪಕ್ಕಕ್ಕೆ ಎತ್ತಿಡುತ್ತೆ ಅಷ್ಟೇ. ಹಾಗಾಗಿ ಡ್ರೈವ್‌ನಲ್ಲಿ ಬೇಕಾದ್ದೇನಾದ್ರೂ ಇದ್ರೆ ಮೊದಲು ಅದನ್ನ ಹೊರಗೆ ಕಾಪಿ ಮಾಡಿ, ರಿಪೇರಿ ಆಮೇಲೆ. ಕಾಪಿಯೇ ಸಿಕ್ಕಿಹಾಕ್ಕೊಳ್ತಿದ್ರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ. ಅದು ಚೆನ್ನಾಗಿರೋ ಜಾಗವನ್ನ ಮೊದಲು ಓದಿ, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತೆ.

ಆಮೇಲೆ ಸ್ಮಾರ್ಟ್ ರಿಪೋರ್ಟ್. ನಾನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ದೆ. ಅದರಲ್ಲಿ ಮೊದಲು ನೋಡಬೇಕಾದ್ದು ಎರಡು ಸಾಲು. 197 ಅಂದ್ರೆ ಓದೋಕಾಗದೆ ‘ಪೆಂಡಿಂಗ್’ ಇರೋ ಸೆಕ್ಟರ್‌ಗಳು. 5 ಅಂದ್ರೆ ಈಗಾಗಲೇ ಸ್ಪೇರ್ ಜಾಗಕ್ಕೆ ಬದಲಾಯಿಸಿರೋ ಸೆಕ್ಟರ್‌ಗಳು. (ಈ ಸಾಫ್ಟ್‌ವೇರ್ ರಾ ವ್ಯಾಲ್ಯೂನ ಹೆಕ್ಸಾಡೆಸಿಮಲ್‌ನಲ್ಲಿ ತೋರಿಸುತ್ತೆ. ನಂಗೆ 18 ಕಂಡಿತು, ನಿಜವಾಗಿ ಅದು 24. ಡಿಜಿಟಲ್ ಲಾಜಿಕ್ ಕ್ಲಾಸ್ ಕೊನೆಗೂ ಉಪಯೋಗಕ್ಕೆ ಬಂತು.)

ಪೆಂಡಿಂಗ್ ಸೆಕ್ಟರ್ ಪೂರ್ತಿ ಸತ್ತಿದೆ ಅಂತಲ್ಲ. ಅಲ್ಲಿ ಹೊಸದಾಗಿ ಬರೆಯೋಕೆ ಹೋದಾಗ ಡ್ರೈವ್ ಪರೀಕ್ಷೆ ಮಾಡುತ್ತೆ. ಸರಿ ಇದ್ರೆ ಲಿಸ್ಟಿಂದ ತೆಗೆಯುತ್ತೆ, ಇಲ್ಲಾಂದ್ರೆ ಸ್ಪೇರ್ ಕೊಡುತ್ತೆ. ಅಂದ್ರೆ ಇಡೀ ಡ್ರೈವ್ ಮೇಲೆ ಬರೆಯಬೇಕು. ಕ್ವಿಕ್ ಫಾರ್ಮ್ಯಾಟ್ ಇದನ್ನ ಮಾಡಲ್ಲ, ಫುಲ್ ಫಾರ್ಮ್ಯಾಟ್ ಬೇಕು. ಸೆಕೆಂಡಿಗೆ 100 ಎಂಬಿ ವೇಗ ಅಂದ್ಕೊಂಡ್ರೂ 1 ಟಿಬಿಗೆ 10,000 ಸೆಕೆಂಡ್, ಹತ್ತತ್ರ ಮೂರು ಗಂಟೆ. ಎನ್‌ಟಿಎಫ್‌ಎಸ್ ಆರಿಸಿ. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಫೈಲ್ ಹಿಡಿಯಲ್ಲ, ಡಿಸ್ಕ್ ಇಮೇಜ್ ಅದಕ್ಕಿಂತ ಎಷ್ಟೋ ದೊಡ್ಡದು.

ಫಾರ್ಮ್ಯಾಟ್ ಆದ್ಮೇಲೆ ನನ್ನ ಡ್ರೈವ್‌ನಲ್ಲಿ 197 ಸೊನ್ನೆಗೆ ಬಂತು, 5 ಎಂಟಕ್ಕೆ ಏರಿತು. ಒಂದು ವಾರ ಬಿಟ್ಟು ನೋಡ್ದಾಗಲೂ ಎಂಟೇ. ಆಗ ಇಮೇಜ್ ತೆಗೆದೆ, ವೆರಿಫೈ ಆಪ್ಷನ್ ಆನ್ ಮಾಡಿ. ಆ ಸಂಖ್ಯೆ ಏರ್ತಾನೇ ಇದ್ದಿದ್ರೆ ಡ್ರೈವ್ ಬಿಸಾಕ್ತಿದ್ದೆ. ಸೋಬಾನೆ ಪದಗಳು ಮಾತ್ರ ಈಗ ಪೆನ್‌ಡ್ರೈವ್‌ನಲ್ಲೂ ಇವೆ, ಅಮ್ಮನ ಫೋನ್‌ನಲ್ಲೂ ಇವೆ.