ಮೊದಲು ಲೈನು, ಆಮೇಲೆ ಲಾಜಿಕ್ಕು

ಶಿವಮೊಗ್ಗ, ಭದ್ರಾವತಿ ಕಡೆಯ ಎಲೆಕ್ಟ್ರಿಕಲ್ ಓದುವ ಮಕ್ಕಳೇ, ಕೊನೇ ವರ್ಷದ ಪ್ರಾಜೆಕ್ಟಿಗೆ ಫಝಿ ಲಾಜಿಕ್ಕಿನಿಂದ ಟ್ರಾನ್ಸ್‌ಮಿಷನ್ ಲೈನಿನ ಫಾಲ್ಟ್ ಪತ್ತೆ ಮಾಡುವ ವಿಷಯ ಆರಿಸಿಕೊಂಡಿದ್ದೀರಾ? ಒಳ್ಳೆಯದೇ ಮಾಡಿದಿರಿ. ಇದಕ್ಕೆ ನಿಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಆಮೇಲೆ ಬಂದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಲ್ಲಿಂದ ಹೊರಟ ಲೈನುಗಳು ಕಾಡು, ಗುಡ್ಡ, ತೋಟ ಹಾದು ಬರುತ್ತವೆ. ಮಳೆಗಾಲದ ಸಿಡಿಲು, ಗಾಳಿಗೆ ಮುರಿದ ಕೊಂಬೆ, ಎಲ್ಲವೂ ಅವುಗಳ ಮೇಲೇ. ನೀವೋ ಲ್ಯಾಪ್‌ಟಾಪ್ ಬಿಟ್ಟು ಮೇಲೇಳುವುದಿಲ್ಲ. ಅದಕ್ಕೇ ಈ ಕೆಲವು ಮಾತು.

ಮೊದಲು ಲೈನು ನೋಡಿ. ಶಿವಮೊಗ್ಗದ ಎಂ.ಆರ್.ಎಸ್. ವಿದ್ಯುತ್ ಸ್ವೀಕರಣಾ ಕೇಂದ್ರದ ಮುಂದೆ ಎಷ್ಟು ಸಲ ಓಡಾಡಿದ್ದೀರಿ, ಒಮ್ಮೆಯಾದರೂ ಒಳಗೆ ಹೋಗಿದ್ದೀರಾ? ಕಾಲೇಜಿನಿಂದ ಪತ್ರ ಬರೆಸಿಕೊಂಡು, ಅನುಮತಿ ಕೇಳಿ ಹೋಗಿ. ಫಾಲ್ಟ್ ಆದಾಗ ರಿಲೇ ತೋರಿಸಿದ ದೂರ ಎಷ್ಟು, ಹುಡುಕಲು ಹೋದವರಿಗೆ ನಿಜವಾಗಿ ಸಿಕ್ಕಿದ್ದು ಎಲ್ಲಿ ಎಂದು ವಿನಯದಿಂದ ವಿಚಾರಿಸಿ. ದೇಶ ಸುತ್ತು, ಕೋಶ ಓದು ಎಂದಿದ್ದಾರೆ. ನೀವು ಕೋಶವನ್ನಷ್ಟೇ ಹಿಡಿದು ಕೂತರೆ ಹೇಗೆ?

ಎರಡನೆಯದು, ಹಳೆಯ ಲೆಕ್ಕವನ್ನು ಕಡೆಗಣಿಸಬೇಡಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಇಂಪೀಡೆನ್ಸ್ ಸಿಗುತ್ತದೆ. ಕಿಲೋಮೀಟರಿಗೆ ಇಷ್ಟು ಓಮ್ ಎಂದು ಗೊತ್ತಿದ್ದರೆ ಫಾಲ್ಟ್ ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ತಂತಿಗೆ ಹಸಿ ಕೊಂಬೆ ತಾಗಿದಾಗ ಮಾತ್ರ ಆ ಕೊಂಬೆಯ, ನೆಲದ ರೆಸಿಸ್ಟೆನ್ಸ್ ನಡುವೆ ಸೇರಿ ಲೆಕ್ಕ ತಪ್ಪುತ್ತದೆ. ಫಝಿ ಏಕೆ ಬೇಕು ಎಂಬುದು ತಿಳಿಯುವುದು ಇಲ್ಲಿಯೇ. ಅಡಿಕೆ ಬೇಯಿಸುವವರು ಥರ್ಮಾಮೀಟರ್ ಇಡದೆ ‘ಇನ್ನೂ ಸ್ವಲ್ಪ’, ‘ಹದ ಬಂತು’ ಎನ್ನುತ್ತಾರಲ್ಲ, ಅಂಥ ಮಾತನ್ನೇ ಲೆಕ್ಕಕ್ಕೆ ತರುವ ದಾರಿಯನ್ನು ಲೋಟ್ಫಿ ಝಾದೆ 1965ರಲ್ಲಿ ತೋರಿಸಿಕೊಟ್ಟರು.

ಮೂರನೆಯದು, ರೂಲುಗಳನ್ನು ಸ್ವಂತ ಬುದ್ಧಿಯಿಂದ ಬರೆಯಿರಿ. ಆರ್ ಫೇಸಿನ ಕರೆಂಟ್ ಬಹಳ ಹೆಚ್ಚು, ವೈ ಮತ್ತು ಬಿ ಫೇಸುಗಳದ್ದು ಮಾಮೂಲು, ಜೀರೋ ಸೀಕ್ವೆನ್ಸ್ ಕರೆಂಟೂ ಹೆಚ್ಚು ಎಂದರೆ ಆರ್ ಫೇಸ್ ನೆಲಕ್ಕೆ ತಾಗಿದೆ. ಎರಡು ಫೇಸಿನಲ್ಲಿ ಹೆಚ್ಚಾಗಿ, ಜೀರೋ ಸೀಕ್ವೆನ್ಸ್ ಇಲ್ಲವೇ ಇಲ್ಲ ಎಂದರೆ ಫೇಸಿಗೆ ಫೇಸ್ ಕೂಡಿದೆ, ನೆಲದ ಪಾಲಿಲ್ಲ. ಪ್ರತಿ ರೂಲಿಗೂ ಹೀಗೆ ಕಾರಣ ಹೇಳಲು ಬರಬೇಕು. ಸೀನಿಯರ್‌ಗಳ ಫೈಲನ್ನು ನಕಲು ಮಾಡಿ ಹೆಸರು ಬದಲಿಸುವ ಚಾಳಿ ಬಿಡಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಇನ್ನೊಂದು ಮಾತು: ಯಾವ ಬಗೆಯ ಫಾಲ್ಟ್ ಎಂದು ಗುರುತಿಸಲು ಇಂಥ ರೂಲುಗಳು ಚೆನ್ನಾಗಿ ಒದಗುತ್ತವೆ. ದೂರ ಹೇಳಲು ಬರೀ ‘ಹೆಚ್ಚು’, ‘ಕಡಿಮೆ’ ಸಾಲದು. ಇಂಪೀಡೆನ್ಸ್ ಲೆಕ್ಕವನ್ನೋ ನ್ಯೂರಲ್ ನೆಟ್‌ವರ್ಕನ್ನೋ ಜೊತೆಗೆ ಸೇರಿಸಿಕೊಳ್ಳಿ.

ನಾಲ್ಕನೆಯದು, ನಿಮ್ಮ ಕೆಲಸವನ್ನು ನೀವೇ ಕಠಿಣವಾಗಿ ಪರೀಕ್ಷಿಸಿ. ಸಿಮುಲಿಂಕ್‌ನಲ್ಲಿ ಫಾಲ್ಟ್ ರೆಸಿಸ್ಟೆನ್ಸ್ ಸೊನ್ನೆ ಇಟ್ಟು, ಲೈನಿನ ನಡುಮಧ್ಯೆ ಒಂದೇ ಫಾಲ್ಟ್ ಕೊಟ್ಟು ‘ಬಂತು ಸಾರ್’ ಎನ್ನಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ರೆಸಿಸ್ಟೆನ್ಸ್ ಬದಲಿಸಿ, ಲೋಡ್ ಬದಲಿಸಿ, ಲೈನಿನ ಎರಡೂ ತುದಿಯ ಹತ್ತಿರ ಫಾಲ್ಟ್ ಕೊಡಿ, ಅಳತೆಗೆ ಒಂದಿಷ್ಟು ನಾಯ್ಸ್ ಬೆರೆಸಿ. ರೂಲುಗಳನ್ನು ಹೊಂದಿಸಲು ಬಳಸಿದ ಡೇಟಾದಲ್ಲೇ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ. ಅದಕ್ಕೆ ಬೇರೆ ಡೇಟಾ ಎತ್ತಿಡಿ.

ಐದನೆಯದು, ತಪ್ಪನ್ನು ಕಿಲೋಮೀಟರಿನಲ್ಲಿ ಬರೆಯಿರಿ. 100 ಕಿಲೋಮೀಟರ್ ಲೈನಿನಲ್ಲಿ ಶೇಕಡಾ 2ರಷ್ಟು ತಪ್ಪು ಕಾಗದದ ಮೇಲೆ ಸಣ್ಣದು. ಸುಮಾರು 300 ಮೀಟರಿಗೊಂದು ಟವರ್ ಎಂದುಕೊಂಡರೂ ಆಚೆಗೆ ಆರೇಳು, ಈಚೆಗೆ ಆರೇಳು ಟವರ್ ನೋಡಬೇಕಾಗುತ್ತದೆ. ಜಡಿಮಳೆಯಲ್ಲಿ, ಇಂಬಳಗಳ ನಡುವೆ ಆ ಗುಡ್ಡ ಹತ್ತುವವರು ಯಾರೆಂದು ಯೋಚಿಸಿ. ಸರಾಸರಿಯೊಂದನ್ನೇ ಕೊಟ್ಟು ಬೀಗಬೇಡಿ. ಅತಿ ಹೆಚ್ಚು ತಪ್ಪಿದ್ದು ಎಷ್ಟು, ಯಾವಾಗ ಎಂಬುದನ್ನೂ ಮುಚ್ಚಿಡದೆ ಹೇಳಿ.

ಇನ್ನು, ಜೀವದ ಮಾತು. ಪ್ರಾಜೆಕ್ಟಿನ ಉಮೇದಿನಲ್ಲಿ ಟವರ್ ಹತ್ತುವುದು, ಸೆಲ್ಫಿ ತೆಗೆಯುವುದು ಖಂಡಿತ ಬೇಡ. ಬಿದ್ದ ತಂತಿ ಕಂಡರೆ ಕರೆಂಟ್ ಇಲ್ಲವೆಂದು ನೀವೇ ತೀರ್ಮಾನಿಸಬೇಡಿ. ದೂರ ನಿಂತು, ಬೇರೆಯವರನ್ನೂ ತಡೆದು, 1912ಕ್ಕೆ ಫೋನ್ ಮಾಡಿ. ಮನೆಯವರು ತಂತಿಯ ಕೆಳಗೆ ಅಲ್ಯೂಮಿನಿಯಂ ದೋಟಿ ಎತ್ತಿ ಅಡಿಕೆ ಕೊನೆ ಕೀಳುತ್ತಿದ್ದರೆ ಅವರಿಗೂ ಗದರಿ ಹೇಳಿ. ಇಂಜಿನಿಯರಿಂಗ್ ಕಲಿತ ಮಕ್ಕಳ ಮಾತು ಕೇಳುತ್ತಾರೆ.

ಕೈ ಕೆಸರಾದರೆ ಬಾಯಿ ಮೊಸರು. ಈ ವಾರವೇ ಗೈಡ್ ಹತ್ತಿರ ಹೋಗಿ ಸ್ವೀಕರಣಾ ಕೇಂದ್ರಕ್ಕೆ ಪತ್ರ ಬರೆಸಿಕೊಳ್ಳಿ. ಅಲ್ಲಿಂದ ಬಂದ ಮೇಲೆ ಮೊದಲ ರೂಲ್ ಬರೆಯಿರಿ. ಅಲ್ಲಿಯವರೆಗೆ ಕೀಬೋರ್ಡ್ ಮುಟ್ಟಬೇಡಿ.